ಗೋಡೆಪುಡಿ

ಮೂರನೆಯ ಲೋಟವನ್ನು ಬಾಯಿಗಿಟ್ಟಾಗಲೂ ಅವನಿಗೆ ಏನೂ ಗೊತ್ತಾಗಲಿಲ್ಲ. ಕಹಿಯಾದರೆ ಕಹಿ, ಸಪ್ಪೆಯಾದರೆ ಸಪ್ಪೆ, ಎರಡರಲ್ಲಿ ಒಂದಾದರೂ ಆಗಬೇಕಿತ್ತಲ್ಲ. ನಾಲಿಗೆ ಬಾಯೊಳಗೆ ಯಾರೋ ಬಿಟ್ಟುಹೋದ ಚಪ್ಪಲಿಯ ಹಾಗೆ ಬಿದ್ದುಕೊಂಡಿತ್ತು. ರುಚಿ ನೋಡುವ ಈ ಗೂಡು ಅವನಿಗೆ ಹೊಸದಲ್ಲ. ಎರಡೂ ಪಕ್ಕ ಹಲಗೆ, ಎದುರಿಗೆ ತಟ್ಟೆ ತೂರುವಷ್ಟೇ ಅಗಲದ ಕಿಟಕಿ, ಬಲಕ್ಕೆ ಉಗುಳಲು ಸ್ಟೀಲಿನ ಬೋಗುಣಿ, ಎಡಕ್ಕೆ ಬಾಯಿ ಮುಕ್ಕಳಿಸಲು ಬೆಚ್ಚಗಿನ ನೀರು, ಉಪ್ಪಿಲ್ಲದ ಬಿಸ್ಕತ್ತು, ತಲೆಯ ಮೇಲೆ ಕೆಂಪು ಬಲ್ಬು. ಬಣ್ಣ ನೋಡಿ ಯಾರೂ ರುಚಿ ಊಹಿಸಬಾರದೆಂದು ಆ ಬಲ್ಬು. ಅದರ ಕೆಳಗೆ ನೀರೂ ಕೆಂಪು, ಬಿಸ್ಕತ್ತೂ ಕೆಂಪು, ಅವನ ಅಂಗೈಯೂ ಕೆಂಪು. ಲೋಟಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಕಾರ್ಖಾನೆ ಲಿವರಿಗೆಂದು ಮಾಡುವ ಟಾನಿಕ್ಕು ಅದು. ಯಾವುದರಲ್ಲಿ ಕಹಿ ಎಲೆಯ ಸತ್ವ ಜಾಸ್ತಿ, ಯಾವುದರಲ್ಲಿ ಕಹಿಯನ್ನು ಮುಚ್ಚುವ ಸಿಹಿ ಜಾಸ್ತಿ ಎಂದು ಅವನು ಹೇಳಬೇಕು. ಅವನು ಹೇಳಿದ ಮೇಲೆ ಅದಕ್ಕೆ ಎದುರಿಲ್ಲ. ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಕಡಿಮೆ. 'ನಾಲಿಗೆ ಬಂತಾ?' 'ನಾಲಿಗೆಗೆ ಇವತ್ತು ನೆಗಡಿಯಂತೆ, ಕೆಲಸ ಕೆಡ್ತು' ಎಂದು ತಮಾಷೆ ಮಾಡುತ್ತಾರೆ. ಅವನು ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ಬೀಗುತ್ತಾನೆ. ಎಲ್ಲರೂ ಉಗುಳುವ ಕಡೆ ಅವನು ನುಂಗುತ್ತಾನೆ. ಕಹಿ ನಾಲಿಗೆಯ ತುದಿಯಲ್ಲಿ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ, ಗಂಟಲಿಗಿಳಿಯುವಾಗ ಸಿಕ್ಕಿಬೀಳುತ್ತದೆ ಎಂಬುದು ಅವನ ವಾದ. ಬೋಗುಣಿ ಅವನ ಗೂಡಿನಲ್ಲಿ ಯಾವತ್ತೂ ಒಣಗಿಯೇ ಇರುತ್ತದೆ.

"ಹೇಳಿ ಸರ್, ಮೂರರಲ್ಲಿ ಯಾವ್ದು ಜಾಸ್ತಿ?" ಕಿಟಕಿಯಾಚೆಯಿಂದ ಕೆಮಿಸ್ಟ್ ಕೇಳಿದಳು. ಅವಳ ಮುಖ ಕಾಣುವುದಿಲ್ಲ, ಬಿಳಿ ಕೋಟಿನ ಎರಡು ಗುಂಡಿ ಮಾತ್ರ ಕಾಣುತ್ತವೆ.

"ಇನ್ನೊಂದ್ಸಲ ನೋಡ್ತೀನಿ," ಎಂದ. ಇನ್ನೊಂದು ಸಲ ನೋಡುತ್ತೇನೆ ಎಂದು ಅವನು ಈ ಗೂಡಿನಲ್ಲಿ ಹೇಳಿದ್ದು ಇದೇ ಮೊದಲು. ಆಚೆಗೆ ಆ ಎರಡು ಗುಂಡಿಗಳು ಅಲುಗಾಡದೆ ನಿಂತವು.

"ಆಗಲ್ಲ," ಎಂದಿದ್ದರು ಬೆಳಿಗ್ಗೆ ಡಾಕ್ಟರು. "ನಿಮ್ಮದು ಆಗಲ್ಲ." ತಂದ ಬಟ್ಟೆಯನ್ನು ಹಿಂದಕ್ಕೆ ತಳ್ಳುವ ದರ್ಜಿಯ ದನಿಯಲ್ಲಿ ಹೇಳಿ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನ ಲಿವರಿನ ಒಂದು ಭಾಗ ಕತ್ತರಿಸಿ ಅಕ್ಕನಿಗೆ ಹಾಕುವುದೆಂದು ಎಲ್ಲ ನಿಶ್ಚಯವಾಗಿತ್ತು. ರಕ್ತದ ಗುಂಪು ಹೊಂದಿತ್ತು, ಅಳತೆ ಹೊಂದಿತ್ತು, ಕೊಡಲು ಬೇರೆ ಯಾರೂ ಇರಲಿಲ್ಲ. ಕತ್ತರಿಸಿದ್ದು ಮತ್ತೆ ಬೆಳೆಯುತ್ತದೆ, ಲಿವರಿನಷ್ಟು ಒಳ್ಳೆಯ ಅಂಗ ಮೈಯಲ್ಲಿ ಇನ್ನೊಂದಿಲ್ಲ ಎಂದು ಅವರೇ ಧೈರ್ಯ ತುಂಬಿದ್ದರು. ಉಳಿದದ್ದು ಕೊನೆಯ ಒಂದು ರಕ್ತ ಪರೀಕ್ಷೆ, ಅದೂ ಒಂದು ಶಾಸ್ತ್ರಕ್ಕೆ ಎನ್ನುವ ಹಾಗೆ. ಈಗ ಆ ಕಾಗದವನ್ನು ಅವನ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಮೊದಲ ಸಲ ಈ ಅಂಕಿ ಸ್ವಲ್ಪ ಏರಿತ್ತು, ಇರಲಿ ಎಂದುಕೊಂಡೆವು. ಈಗ ನೋಡಿ, ನಿಮ್ಮ ಲಿವರೇ ಉರೀತಾ ಇದೆ, ಇದನ್ನ ಯಾರಿಗೆ ಕೊಡೋದು? ಅವನು ಕಾಗದ ನೋಡಿದ. ಅವನ ಹೆಸರು ಸರಿಯಾಗಿತ್ತು. ಬೇರೆ ಯಾರದೋ ಇರಬಹುದೆಂದು ಇನ್ನೊಮ್ಮೆ ನೋಡಿದ. ಆಗಲೂ ಅವನದೇ ಆಗಿತ್ತು.

"ಕುಡೀತೀರಾ?"

ಹಾಗೆ ಯಾರಾದರೂ ಕೇಳಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮದುವೆಯ ಊಟಗಳಲ್ಲಿ, ಕಾರ್ಖಾನೆಯ ಪಾರ್ಟಿಗಳಲ್ಲಿ, ಬಾಟಲಿ ತೆರೆದ ಕೋಣೆಯಿಂದ ಎದ್ದುಹೋಗುವವನು ಅವನೊಬ್ಬನೇ. ಇಲ್ಲ ಎಂದ. ಡಾಕ್ಟರು ಸುಮ್ಮನೆ ನೋಡುತ್ತಿದ್ದರು, ಇಲ್ಲ ಎನ್ನುವವರನ್ನು ದಿನಾ ನೋಡುವ ಕಣ್ಣುಗಳಿಂದ. ಆಗ ಪಕ್ಕದಲ್ಲಿ ಕೂತಿದ್ದ ಹೆಂಡತಿ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಮೆಲ್ಲಗೆ, "ನನ್ನೆದುರಿಗೆ ಹೇಳೋಕೆ ಸಂಕೋಚ ಆದ್ರೆ ನಾನು ಹೊರಗಡೆ ಕೂತಿರ್ತೀನಿ ರೀ," ಎಂದಳು. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳು ಇಷ್ಟು ಬೇಗ ನಂಬಿಬಿಟ್ಟಳಲ್ಲ ಎಂದುಕೊಂಡ. ಔಷಧಿ, ಮಾತ್ರೆ, ಏನಾದರೂ ತಗೊಳ್ತೀರಾ ಎಂದು ಡಾಕ್ಟರು ಕೇಳಿದರು. ಏನೂ ಇಲ್ಲ ಎಂದ, ಯೋಚನೆ ಕೂಡ ಮಾಡದೆ. ಅದು ಸುಳ್ಳೂ ಅಲ್ಲ. ದಿನಾ ಬೆಳಿಗ್ಗೆ ಅವನು ತಗೊಳ್ಳುತ್ತಿದ್ದದ್ದು ಔಷಧಿಯಲ್ಲ, ಮಾತ್ರೆಯೂ ಅಲ್ಲ, ಎಲೆ.

ಆದರೆ ಅವನನ್ನು ಆಗಿನಿಂದ ಈಗಿನವರೆಗೂ ಕುಟುಕುತ್ತಿರುವುದು ಆ ಪ್ರಶ್ನೆಯೂ ಅಲ್ಲ, ಹೆಂಡತಿಯ ಮಾತೂ ಅಲ್ಲ. 'ಆಗಲ್ಲ' ಎಂಬ ಮಾತು ಕಿವಿಗೆ ಬಿದ್ದ ಕ್ಷಣಕ್ಕೇ ಅವನೊಳಗೆ ಯಾರೋ 'ಸದ್ಯ, ಬದುಕಿದೆ' ಎಂದಿದ್ದರು. ಸ್ಪಷ್ಟವಾಗಿ, ಅವನದೇ ದನಿಯಲ್ಲಿ. ಅಕ್ಕನ ನೆನಪು ಬಂದದ್ದು ಆಮೇಲೆ. ಹೊಟ್ಟೆ ಕೊಯ್ಯುವುದಿಲ್ಲ, ಮೂಗಿಗೆ ಕೊಳವೆ ಹಾಕುವುದಿಲ್ಲ, ಬದುಕಿದೆ. ಹೆಂಡತಿಯ ಹೆಗಲೂ ಒಂದಿಷ್ಟು ಕೆಳಗಿಳಿದದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡಿದ್ದ, ಅವನ ಹೆಗಲು ಇಳಿದದ್ದನ್ನು ಅವಳೂ ಕಂಡಿರಬೇಕು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡನೇ ಮಹಡಿಯಲ್ಲಿ ಅಕ್ಕ ಮಲಗಿದ್ದ ವಾರ್ಡಿನ ಬಾಗಿಲು ದಾಟುವಾಗ ಅವನು ಹೆಜ್ಜೆ ಚುರುಕು ಮಾಡಿದ. ಸಂಜೆ ಬಂದು ಹೇಳಿದರಾಯಿತು ಎಂದ. ಹೆಂಡತಿ ಹೂಂ ಎಂದಳು. ಬಸ್ ನಿಲ್ದಾಣದಲ್ಲಿ ಅವಳು ಆ ಕಡೆಯ ಬಸ್ಸು ಹತ್ತಿದಳು, ಅವನು ಈ ಕಡೆಯದು. ಕೆಲಸಕ್ಕೆ ಬಾರದ ಲಿವರ್ ಇರುವವರಿಗೆಂದು ಕಾರ್ಖಾನೆಯಲ್ಲಿ ಬೇರೆ ರಜೆಯಿಲ್ಲವಲ್ಲ.

ಮೂರನೆಯ ಲೋಟದಲ್ಲಿ ಉಳಿದದ್ದನ್ನು ಪೂರ್ತಿ ಬಾಯಿಗೆ ಸುರಿದುಕೊಂಡ. ಏನೂ ಇಲ್ಲ. ಈ ನಾಲಿಗೆ ಅವನಿಗೆ ಬಂದದ್ದು ಅಪ್ಪನಿಂದ. ಅಪ್ಪ ಅವನಿಗೆ ಬೇರೇನನ್ನೂ ಬಿಟ್ಟುಹೋಗಲಿಲ್ಲ. ಅಮ್ಮನಿಲ್ಲದ ಆ ಮನೆಯಲ್ಲಿ ಕಿಟಕಿಯ ಪಕ್ಕದ ಗೂಡಿನಲ್ಲಿ ಅಪ್ಪನ ಬಾಟಲಿ ಇರುತ್ತಿತ್ತು. ಬೆಳಕು ಬಿದ್ದರೆ ಅದರ ನೆರಳು ಗೋಡೆಯ ಮೇಲೆ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಒಂದು ದಿನ ಅವನು ಅರ್ಧ ಚೆಲ್ಲಿ ಅಷ್ಟೇ ನೀರು ತುಂಬಿಸಿಟ್ಟ. ಹಾಗೆ ಮಾಡಿದರೆ ಅಪ್ಪ ಅರ್ಧ ಮಾತ್ರ ಕುಡುಕನಾಗುತ್ತಾನೆಂದು ಅವನ ಲೆಕ್ಕ. ಅಪ್ಪ ಒಂದು ಗುಟುಕು ಕುಡಿದು, ಬಾಯಲ್ಲಿ ತಿರುಗಿಸಿ, ನುಂಗಿ, ಲೋಟ ಕೆಳಗಿಟ್ಟ. ಕೂಗಲಿಲ್ಲ. ಯಾರು ನೀರು ಹಾಕಿದ್ದು ಎಂದು ಕೇಳಿದ, ಅಷ್ಟೇ. ಅವನು ಬಾಗಿಲ ಹಿಂದೆ ಅಡಗಿ ನಿಂತಿದ್ದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕ ತುಳಿಯುವುದನ್ನು ನಿಲ್ಲಿಸದೆ "ನಾನೇ" ಎಂದಳು. ಯಂತ್ರ ನಿಂತಿದ್ದು ಅಪ್ಪ ಅವಳ ಜಡೆಗೆ ಕೈ ಹಾಕಿದ ಮೇಲೆ. ಕೊನೆಗೆ ಅಪ್ಪ ಹಳದಿಯಾಗಿ, ಹೊಟ್ಟೆ ಊದಿ, ಯಾರನ್ನೂ ಗುರುತಿಸದೆ ಸತ್ತ. ಆಮೇಲೆ ಅಕ್ಕ ಅಂಗಿಯ ಕಾಲರುಗಳನ್ನು ಹೊಲಿದು ಹೊಲಿದು ಅವನನ್ನು ಓದಿಸಿದಳು. ತನಗೊಂದು ಮನೆ ಸಂಸಾರ ಎಂದು ಅವಳು ತಲೆ ಕೆಡಿಸಿಕೊಳ್ಳಲೇ ಇಲ್ಲ. ಯಾರಾದರೂ ಕೇಳಿದರೆ, "ಒಬ್ಬನ್ನ ಸಾಕಿ ಸಾಕಾಗಿದೆ, ಇನ್ನೊಬ್ಬನ್ನ ಎಲ್ಲಿ ಸಾಕ್ಲಿ?" ಎಂದು ನಗುತ್ತಿದ್ದಳು.

ಅಪ್ಪನ ಆ ಲಿವರೇ ತನಗೂ ಬಂದಿರಬಹುದೆಂಬ ಭಯ ಅವನಿಗೆ ನಾಲಿಗೆಯಷ್ಟೇ ಹಳೆಯದು. ಈ ಕಾರ್ಖಾನೆಗೆ ಸೇರಿದ ಮೊದಲ ದಿನ ಅವನು ಹಜಾರದ ಗೋಡೆಯ ಮುಂದೆ ನಿಂತುಬಿಟ್ಟಿದ್ದ. ಅಲ್ಲಿ ಆಳೆತ್ತರದ ಎರಡು ಚಿತ್ರಗಳಿವೆ. ಒಂದು, ವಿಷ ತಿಂದ ಇಲಿಯ ಲಿವರು, ಮಸುಕು ಮಸುಕಾಗಿ, ಹುಳ ಹಿಡಿದ ಹಣ್ಣಿನಂತೆ ಚುಕ್ಕೆ ಚುಕ್ಕೆ. ಇನ್ನೊಂದು, ಎಲೆಯ ಸತ್ವ ಕುಡಿದು ಅದೇ ವಿಷ ತಿಂದ ಇಲಿಯದು, ನುಣ್ಣಗೆ, ಗಾಢ ಕೆಂಪು, ಮುಟ್ಟಬೇಕೆನ್ನಿಸುವಷ್ಟು ಆರೋಗ್ಯ. ಕೆಳಗೆ 'ಉತ್ಕರ್ಷಣ ನಿರೋಧಕ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಅದನ್ನು ತಡವರಿಸದೆ ಓದಿದವರನ್ನು ಅವನು ಇವತ್ತಿನವರೆಗೂ ಕಂಡಿಲ್ಲ. ಬಾಯಲ್ಲಿ ಎಲ್ಲರೂ ಆಂಟಿ ಆಕ್ಸಿಡೆಂಟ್ ಎಂದೇ ಅನ್ನುತ್ತಾರೆ. ಗಾಳಿಗಿಟ್ಟ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ಲಿವರಿಗೂ ಹಿಡಿಯುತ್ತದೆ, ಎಲೆಯೊಳಗಿನ ಕಹಿ ಆ ತುಕ್ಕನ್ನು ತಡೆಯುತ್ತದೆ ಎಂದು ಯಾರೋ ಹೇಳಿಕೊಟ್ಟರು. ಅವನಿಗೆ ಅದು ಮಂತ್ರದ ಹಾಗೆ ಮನಸ್ಸಿಗೆ ಇಳಿಯಿತು. ತನ್ನೊಳಗೆ ಅಪ್ಪನಿಂದ ಬಂದ ಒಂದು ಕಬ್ಬಿಣದ ತುಂಡು ಇದೆ, ಅದಕ್ಕೆ ದಿನಾ ಬಣ್ಣ ಬಳಿಯುವ ಕೆಲಸ ಸಂಬಳಕ್ಕೇ ಸಿಕ್ಕಿದೆ.

ಗೋಡೆಪುಡಿ ಅವನದೇ ಶೋಧನೆ. ಎಲೆಯ ರಸವನ್ನು ಎತ್ತರದ ಗೋಪುರದೊಳಗೆ ಮಂಜಿನ ಹಾಗೆ ಚಿಮ್ಮಿ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಪುಡಿ ಕೆಳಗೆ ಚೀಲಕ್ಕೆ ಬೀಳುತ್ತದೆ. ಒಂದಿಷ್ಟು ಮಾತ್ರ ಗೋಪುರದ ಒಳಗೋಡೆಗೆ ಅಂಟಿ, ಹೊತ್ತುಹೊತ್ತಿಗೂ ಬೇಯುತ್ತ, ಕಪ್ಪಾಗಿ ಗಟ್ಟಿಯಾಗುತ್ತದೆ. ತೊಳೆಯುವ ದಿನ ಅದನ್ನು ಕೆರೆದು ಎಸೆಯುತ್ತಾರೆ. ಅದಕ್ಕೇ ಗೋಡೆಪುಡಿ ಎಂದು ಹೆಸರು. ಒಮ್ಮೆ ಅವನು ಅದನ್ನು ಬೆರಳ ತುದಿಯಿಂದ ನಾಲಿಗೆಗೆ ತಾಕಿಸಿ ನೋಡಿದ. ಅಷ್ಟು ಶುದ್ಧವಾದ, ಅಷ್ಟು ಆಳದ ಕಹಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಯಾವ ಸಿಹಿ ಬೆರೆಸಿದರೂ ಈ ಕಹಿ ಮುಚ್ಚಿಕೊಳ್ಳುವುದಿಲ್ಲ, ಅದಕ್ಕೇ ಇದನ್ನು ಎಸೆಯುತ್ತಿದ್ದಾರೆ ಎಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಕಹಿಯೇ ಗುಣವಾದರೆ ಇದೆಲ್ಲ ಗುಣವೇ ಅಲ್ಲವೆ? ಜನರ ನಾಲಿಗೆಗೆ ಹೆದರಿ ಒಳ್ಳೆಯದನ್ನೆಲ್ಲ ಮೋರಿಗೆ ಹಾಕುತ್ತಿದ್ದಾರೆ ಎಂದು ಮರುಕವಾಯಿತು. ಹೊರಗೆ ಒಯ್ಯುವಂತಿಲ್ಲ ಎಂದು ನಿಯಮವಿತ್ತು. ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿ ತುಂಬಿಕೊಂಡು ಊಟದ ಚೀಲದ ತಳದಲ್ಲಿಟ್ಟು ಮನೆಗೆ ತಂದ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ. ಅಕ್ಕನ ಲಿವರು ಕೈಕೊಟ್ಟಿದೆ, ನಿಮ್ಮದು ಹೊಂದುತ್ತದೆ ಎಂದು ಡಾಕ್ಟರು ಹೇಳಿದ ದಿನದಿಂದ ಎರಡು ಚಮಚ. ಕೊಡುವುದನ್ನು ಒಳ್ಳೆಯದನ್ನೇ ಕೊಡೋಣ ಎಂದುಕೊಂಡಿದ್ದ, ತೊಳೆದು ಇಸ್ತ್ರಿ ಮಾಡಿ ಕೊಡುವ ಅಂಗಿಯ ಹಾಗೆ.

"ಸರ್, ಏನಾಯ್ತು? ಹುಷಾರಿಲ್ವಾ?" ಎರಡು ಗುಂಡಿ ಬಗ್ಗಿ, ಕಿಟಕಿಯಲ್ಲಿ ಅವಳ ಮುಖ ಕಾಣಿಸಿತು. ಅದೂ ಕೆಂಪಾಗಿತ್ತು.

"ಒಂದು ಮಾತು ಕೇಳ್ಲಾ ಮೇಡಂ?" ಎಂದ. ಕೇಳಬೇಕೆಂದುಕೊಂಡಿದ್ದು ಬೇರೆ ಏನೋ. ಬಾಯಿಗೆ ಬಂದದ್ದು ಇದು. "ಗೋಡೆಪುಡಿ ತಿಂದ್ರೆ ಏನಾಗುತ್ತೆ?"

ಅವಳು ನಕ್ಕಳು. "ಅದನ್ನ ಯಾರ್ ತಿಂತಾರೆ ಸರ್? ಕೆರೆಯೋರೇ ಮೂಗಿಗೆ ಬಟ್ಟೆ ಕಟ್ಕೊಂಡಿರ್ತಾರೆ."

"ಸುಮ್ನೆ ಕೇಳ್ದೆ. ಯಾರಾದ್ರೂ ತಿಂದ್ರೆ? ಲಿವರಿಗೆ ಒಳ್ಳೇದೇ ಅಲ್ವಾ? ಹಜಾರದಲ್ಲಿ ಹಾಕಿದಾರಲ್ಲ, ಇಲಿ..."

"ಆ ಇಲಿಗೆ ಕೊಟ್ಟಿದ್ದು ಒಂದ್ ಹನಿ ಸರ್. ಕಮ್ಮಿ ಇದ್ರೆ ತುಕ್ಕು ತಡೆಯುತ್ತೆ. ವಿಪರೀತ ಆಯ್ತು ಅನ್ಕೊಳ್ಳಿ, ತಾನೇ ತುಕ್ಕು ಹಿಡಿಸುತ್ತೆ. ಅದೇ ಎಲೆ, ಅದೇ ಕಹಿ, ಉಲ್ಟಾ ಕೆಲಸ. ಅದೂ ಖಾಲಿ ಹೊಟ್ಟೆಗೆ ಹೋದ್ರೆ ನೇರ ಲಿವರಿಗೇ ಬಡಿಯುತ್ತೆ." ಅವಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಜಾಸ್ತಿ ಕೊಟ್ಟ ಇಲಿಗಳ ಚಿತ್ರಾನೂ ಇರುತ್ತೆ ಸರ್. ಅದನ್ನ ಗೋಡೆಗೆ ಹಾಕಿದ್ರೆ ಮಾಲು ಯಾರ್ ತಗೋತಾರೆ?"

"ಮತ್ತೆ ಅದನ್ನ ಎಸೆಯೋದು ಕಹಿ ಅಂತ ಅಲ್ವಾ?"

"ಕಹಿ ಅಂತ ಯಾರ್ ಹೇಳಿದ್ರು ನಿಮ್ಗೆ? ಸುಟ್ಟು ಗಟ್ಟಿಯಾಗಿರುತ್ತೆ, ತಿನ್ನೋಕೆ ಲಾಯಕ್ಕಲ್ಲ ಅಂತ ಎಸೀತಾರೆ. ನಿಮ್ಗೆ ಎಲ್ಲಾನೂ ನಾಲಿಗೆ ಮೇಲೇ ನೋಡಿ ಅಭ್ಯಾಸ," ಎಂದು ಅವಳು ತಮಾಷೆಗೆ ಹೇಳಿ ಹೋದಳು.

ಅವನು ಗೂಡಿನಿಂದ ಹೊರಗೆ ಬಂದಾಗ ಹಗಲಿನ ಬೆಳಕು ಕಣ್ಣಿಗೆ ಹೊಡೆದು ಎಲ್ಲವೂ ಒಂದು ಗಳಿಗೆ ಹಸಿರಾಗಿ ಕಂಡಿತು. ಕೆಂಪಿನಲ್ಲಿ ಬಹಳ ಹೊತ್ತು ಕೂತವರಿಗೆ ಹಾಗಾಗುತ್ತದೆ. ಹಜಾರದಲ್ಲಿ ಆ ಎರಡು ಲಿವರುಗಳೂ ಹಸಿರು. ಅವನು ಯಾರಿಗೂ ಹೇಳದೆ ಗೇಟು ದಾಟಿ ಬೀದಿಗಿಳಿದ. ತನ್ನ ಕೈಯಾರೆ ತಾನೇ, ಚಮಚ ಅಳೆದು ಅಳೆದು. ಬೀಗದ ಅಂಗಡಿಯ ಮುಂದೆ, ಗಾಜಿನ ಅಂಗಡಿಯ ಮುಂದೆ, ಕೊಡೆ ರಿಪೇರಿಯವನ ಮುಂದೆ ನಡೆದ. ಯಾರಾದರೂ ತಡೆದು ಏನಪ್ಪಾ ಎಂದು ಕೇಳಿದ್ದರೆ ನಕ್ಕುಬಿಡುತ್ತಿದ್ದನೇನೋ. ಏಕೆಂದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಗಾಬರಿಯ ಅಡಿಯಿಂದ ಸಂತೋಷದಂಥದ್ದೇನೋ ಮೇಲೆ ಬರತೊಡಗಿತ್ತು. ಕಾರಣ ಸಿಕ್ಕಿತು. ಕುಡಿತವಲ್ಲ, ಅಪ್ಪನಲ್ಲ, ರಕ್ತದಲ್ಲಿ ಬಂದದ್ದಲ್ಲ. ಒಂದು ಡಬ್ಬಿ ಪುಡಿ. ಬಿಟ್ಟರೆ ಬಿಟ್ಟುಹೋಗುತ್ತದೆ, ಲಿವರಿನಷ್ಟು ಒಳ್ಳೆಯ ಅಂಗ ಇನ್ನೊಂದಿಲ್ಲ ಎಂದು ಅವರೇ ಹೇಳಿದ್ದಾರೆ. ಸುಧಾರಿಸಿಕೊಂಡ ಮೇಲೆ ಕೊಡುತ್ತೇನೆ, ಈ ಸಲ 'ಬದುಕಿದೆ' ಎಂದುಕೊಳ್ಳದೆ ಕೊಡುತ್ತೇನೆ. ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದುಕೊಂಡೇ ಹೆಂಡತಿಗೆ ಫೋನ್ ಮಾಡಿದ.

"ಕುಡಿತ ಅಲ್ಲ ಕಣೇ!" ಎಂದ, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ. "ಪುಡಿ! ಫ್ಯಾಕ್ಟ್ರಿ ಪುಡಿ ಬೆಳಿಗ್ಗೆ ತಗೋತೀನಲ್ಲ, ಅದ್ರಿಂದ ಆಗಿದ್ದು. ಡಾಕ್ಟ್ರಿಗೆ ಹೇಳೋಕೆ ಹೋಗ್ತಿದೀನಿ. ಬಿಟ್ರೆ ಸರಿಹೋಗುತ್ತೆ. ನೀನು ಬೆಳಿಗ್ಗೆ ಸುಮ್ ಸುಮ್ನೆ..."

ಆ ಕಡೆ ಏನೂ ಕೇಳಿಸಲಿಲ್ಲ. ಫೋನ್ ಕಟ್ಟಾಯಿತೆಂದು ಕಿವಿಯಿಂದ ತೆಗೆದು ನೋಡಿದ. ಕಟ್ಟಾಗಿರಲಿಲ್ಲ.

"ಯಾವ ಪುಡಿ?" ಎಂದಳು. ಆಮೇಲೆ, ಬೇರೊಂದು ದನಿಯಲ್ಲಿ, "ಅಕ್ಕನ ಪುಡಿನಾ ರೀ?"

ಮನೆಯಲ್ಲಿ ಅದಕ್ಕೆ ಅದೇ ಹೆಸರು. ಅಡುಗೆಮನೆಯ ಕಪಾಟಿನಲ್ಲಿ ಬಿಸ್ಕತ್ತಿನ ಎರಡು ಡಬ್ಬಿಗಳು. ಒಂದು ಅವನದು, ಇನ್ನೊಂದು ಅಕ್ಕನದು. ಆಸ್ಪತ್ರೆಗೆ ಸೇರುವಾಗ ಅಕ್ಕ ತನ್ನದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೋಗಿದ್ದಳು. ಮೊದಮೊದಲು ಒಂದೇ ಇತ್ತು. ಕಾಲರು ಹೊಲಿಯುತ್ತ ಸಂಜೆಯ ಹೊತ್ತಿಗೆ ಸುಸ್ತಾಗುತ್ತದೆ ಎಂದು ಅಕ್ಕ ಒಂದು ದಿನ ಅಂದಿದ್ದಳು, ಅಷ್ಟೇ. ಇದನ್ನು ಕುಡಿ, ಸುಸ್ತು ಎಲ್ಲಿರುತ್ತೆ ನೋಡು ಎಂದು ಅವನೇ ಕಲಸಿಕೊಟ್ಟ. ಹೆಂಡತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಓಡಿಹೋಗಿ ಉಗುಳಿದಳು. ಅಕ್ಕ ಮುಖ ಸಹ ಕಿವುಚದೆ ಗಟಗಟ ಕುಡಿದು, "ಅಪ್ಪನ ಕೈಲಿ ಏಟು ತಿಂದೋಳಿಗೆ ಇದೇನು ಕಹಿ," ಎಂದು ಬಾಯಿ ಒರೆಸಿಕೊಂಡಳು. ಸುಸ್ತು ಹೆಚ್ಚಾಯಿತು. ಅವನು ಪುಡಿ ಹೆಚ್ಚಿಸಿದ. ಕಣ್ಣು ಹಳದಿಯಾಯಿತು. ಲಿವರಿಗೆ ತುಕ್ಕು ಹಿಡಿದಿದೆ, ಈಗಲೇ ಬೇಕಾದದ್ದು ಎಂದು ಸಂಜೆಗೂ ಒಂದು ಲೋಟ ಶುರುಮಾಡಿದ. ಆಸ್ಪತ್ರೆಯಲ್ಲಿ ವೈರಸ್ಸಿಗೆ ನೋಡಿದರು, ಅದಕ್ಕೆ ನೋಡಿದರು, ಇದಕ್ಕೆ ನೋಡಿದರು, ಕೊನೆಗೆ ಕಾರಣ ಸಿಗುತ್ತಿಲ್ಲ, ಕೆಲವು ಲಿವರುಗಳು ಹೀಗೇ ಎಂದು ಕೈಚೆಲ್ಲಿದರು. ಕಾರಣ ಪ್ರತಿ ಸಂಜೆ ಭೇಟಿಯ ಹೊತ್ತಿನಲ್ಲಿ ಲಿಫ್ಟಿನಲ್ಲಿ ಮೇಲೆ ಹೋಗುತ್ತಿತ್ತು, ಕೈಯಲ್ಲಿ ಊಟದ ಚೀಲ ಹಿಡಿದುಕೊಂಡು.

"ರೀ? ಇದೀರಾ? ರೀ..."

ಇದ್ದ. ಕಂಬಿ ಹಿಡಿದ ಕೈ ಅಲ್ಲೇ ಇತ್ತು. ಕಾಲಡಿಯ ನೆಲ ಮಾತ್ರ ಇರಲಿಲ್ಲ. ಬಸ್ಸಿನಲ್ಲಿ ಯಾರೋ ಮಗುವಿಗೆ ಕಿಟಕಿಯಾಚೆ ಏನನ್ನೋ ತೋರಿಸುತ್ತಿದ್ದರು, ಚಿಲ್ಲರೆ ಇಲ್ಲ ಎಂದು ಯಾರೋ ಜಗಳವಾಡುತ್ತಿದ್ದರು. ಸ್ವಲ್ಪ ಹೊತ್ತಿನ ಹಿಂದೆ ಸಂತೋಷಪಟ್ಟಿದ್ದೆನಲ್ಲ, ಈ ಬಸ್ಸಿನಲ್ಲೇ, ಇದೇ ಕಂಬಿ ಹಿಡಿದುಕೊಂಡು, ಎಂಬುದು ನೆನಪಾಯಿತು. ತನ್ನ ಲಿವರು, ತನ್ನ ಮಾನ, ತನ್ನ ಹೆಂಡತಿಯ ಅನುಮಾನ, ಇವಿಷ್ಟರಲ್ಲೇ ಸುತ್ತುತ್ತಿದ್ದವನಿಗೆ ಎರಡನೆಯ ಡಬ್ಬಿ ಕಣ್ಣಿಗೇ ಬಿದ್ದಿರಲಿಲ್ಲ. ಅದು ಬಿದ್ದದ್ದು ಆ ಪುಡಿಯನ್ನು ಉಗುಳಿದವಳಿಗೆ.

ಡಾಕ್ಟರು ಕಾರಿಡಾರಿನಲ್ಲೇ ಸಿಕ್ಕರು. ಅವನು ಏನು ಹೇಳಿದನೋ ಅವನಿಗೇ ಸರಿಯಾಗಿ ತಿಳಿಯದು. ಒಂದು ಪುಡಿ ಇದೆ, ನಾನೂ ತಗೋತಿದ್ದೆ, ಅಕ್ಕನೂ ತಗೋತಿದ್ದಳು ಎಂದ. ಕೊಟ್ಟವರು ಯಾರು ಎಂಬ ಮಾತು ವಾಕ್ಯದಲ್ಲಿ ಎಲ್ಲೂ ಬಾರದಂತೆ ಹೇಳಿದ್ದು ಮಾತ್ರ ಅವನಿಗೆ ತಿಳಿಯಿತು. ಡಾಕ್ಟರ ಮುಖ ಬದಲಾಯಿತು. ಬೆಳಿಗ್ಗೆ ಕೇಳಿದ್ನಲ್ರೀ ಎನ್ನಲು ಬಾಯಿ ತೆರೆದವರು ಅನ್ನಲಿಲ್ಲ. "ಬನ್ನಿ," ಎಂದು ಮೆಟ್ಟಿಲಿಗೆ ತಿರುಗಿದರು. ಹತ್ತುತ್ತಲೇ ಹೇಳಿದರು: "ಅವರ ಬಾಯಿಂದಾನೇ ಕೇಳ್ಬೇಕು ನಾನು. ಯಾವಾಗಿಂದ, ಎಷ್ಟು, ಇಲ್ಲಿ ಬಂದ ಮೇಲೂ ಕುಡಿದ್ರಾ ಅಂತ. ನಿಜ ಆದ್ರೆ ಇವತ್ತಿಂದಾನೇ ಔಷಧಿ ಬೇರೆ. ನಿಲ್ಲಿಸಿದ್ರೆ ಲಿವರ್ ಒಂದಿಷ್ಟು ಏಳಬಹುದು, ಏಳದೇನೂ ಇರಬಹುದು. ನಿಜ ಅಲ್ಲದಿದ್ರೆ ಆ ಔಷಧಿ ಕೊಟ್ಟು ನಾನೇ ಅವರನ್ನ ಕೊಂದ ಹಾಗಾಗುತ್ತೆ. ಗೊತ್ತಾಯ್ತಾ?" ಅವನು ತಲೆಯಾಡಿಸಿದ. ಬೆಳಿಗ್ಗೆ ಹೆಜ್ಜೆ ಚುರುಕು ಮಾಡಿ ದಾಟಿದ್ದ ಬಾಗಿಲು ಅದೇ ಜಾಗದಲ್ಲಿತ್ತು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಅವಳ ಬೆರಳುಗಳು ಹೊದಿಕೆಯ ಅಂಚನ್ನು ಕಾಲರಿನ ಹಾಗೆ ಮಡಚಿ ಬಿಡಿಸುತ್ತಿದ್ದವು. ಅವನನ್ನು ಕಂಡು ಹಳದಿ ಕಣ್ಣುಗಳು ಅರಳಿದವು. "ಬಂದ್ಯಾ ಮರಿ? ಇಷ್ಟ್ ಬೇಗ?" ಎಂದು ಪಕ್ಕದ ಮೇಜಿನಿಂದ ಲೋಟ ತೆಗೆದುಕೊಂಡು ಅವನ ಕಡೆಗೆ ಚಾಚಿದಳು. ದಿನವೂ ಅವನು ಬಂದಾಗ ಮಾಡುವ ಹಾಗೆ. ಹಿಂದೆಯೇ ಡಾಕ್ಟರು ಕಂಡರು. ಲೋಟ ಚಾಚಿದ ಕೈ ಮೆಲ್ಲಗೆ ಹಿಂದಕ್ಕೆ ಹೋಗಿ, "ನೀರು ಬೇಕಿತ್ತು," ಎಂದಳು.

"ಅಮ್ಮಾ, ಒಂದು ಕೇಳ್ತೀನಿ, ನಿಜ ಹೇಳಿ," ಎಂದು ಡಾಕ್ಟರು ಹಾಸಿಗೆಯ ಅಂಚಿಗೆ ಕೂತರು. "ಎಲೆ ಪುಡಿ ಏನಾದ್ರೂ ಕುಡೀತಾ ಇದೀರಾ?"

ಅಕ್ಕ ಡಾಕ್ಟರನ್ನು ನೋಡಲಿಲ್ಲ, ಅವನನ್ನು ನೋಡಿದಳು. ಆ ನೋಟ ಅವನಿಗೆ ಗೊತ್ತು. ಯಂತ್ರ ತುಳಿಯುತ್ತ, ತುಳಿಯುವುದನ್ನು ನಿಲ್ಲಿಸದೆ, ಬಾಗಿಲ ಹಿಂದೆ ಅವನಿದ್ದಾನೆಂದು ಗೊತ್ತಿದ್ದೂ 'ನಾನೇ' ಎಂದಾಗಿನ ನೋಟ ಅದು.

"ಯಾವ ಪುಡಿ? ಏನೂ ಇಲ್ಲಮ್ಮ," ಎಂದಳು.

"ಮೊದಲೂ ಕೇಳಿದ್ದೆ ನಿಮ್ಮನ್ನ."

"ಮೊದಲೂ ಇಲ್ಲ ಅಂದಿದ್ದೆ."

"ಅಕ್ಕ," ಎಂದ ಅವನು. ಬಗ್ಗಿ ಹಾಸಿಗೆಯ ಕೆಳಗಿನ ಅವಳ ಬಟ್ಟೆಯ ಚೀಲಕ್ಕೆ ಕೈ ಹಾಕಿದ. ಸೀರೆಯ ಮಡಿಕೆಯೊಳಗೆ ತಣ್ಣಗೆ ಡಬ್ಬಿ ಸಿಕ್ಕಿತು. ಅಕ್ಕ ಮುಂದಕ್ಕೆ ಬಗ್ಗಿ ಅವನ ಮಣಿಕಟ್ಟು ಹಿಡಿದಳು. ಅವಳಿಗೆ ಇನ್ನೂ ಅಷ್ಟು ಶಕ್ತಿ ಎಲ್ಲಿತ್ತೋ. "ಅದು ಬಟ್ಟೆಗೆ ಹಾಕೋ ಪುಡಿ ಕಣೋ, ಅಲ್ಲಿಡು," ಎಂದವಳು, ದನಿ ತಗ್ಗಿಸಿ, ಡಾಕ್ಟರಿಗೆ ಕೇಳಿಸದ ಹಾಗೆ, "ಹೊರಗೆ ತರೋ ಹಾಗಿಲ್ಲ ಅಂದಿದ್ಯಲ್ಲೋ, ಕೆಲಸ ಹೋಗುತ್ತೆ," ಎಂದಳು.

ಅವನಿಗೆ ಆಗ ಎಲ್ಲವೂ ತಿಳಿಯಿತು. ಡಾಕ್ಟರು ಕೇಳಿದಾಗಲೆಲ್ಲ ಅವಳು ಬಾಯಿ ಬಿಡದೆ ಇದ್ದದ್ದು ಮರೆತಲ್ಲ. ಎಂದೋ ಒಂದು ದಿನ ಡಬ್ಬಿ ತರುವಾಗ ಅವನು ಜಂಬದಿಂದ ಆಡಿದ್ದ ಮಾತು ಅದು, ಗೇಟಿನವನ ಕಣ್ಣು ತಪ್ಪಿಸಿ ತಂದೆ, ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತಿತ್ತು ಎಂದು. ಅವನು ಮರೆತಿದ್ದ. ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು. ಅವನ ಕೆಲಸ ಉಳಿಸಲು ಅವಳು ತನ್ನ ಲಿವರನ್ನೇ ಒತ್ತೆಯಿಟ್ಟಿದ್ದಳು, ಒತ್ತೆಯಿಟ್ಟಿದ್ದೇನೆಂದು ತಿಳಿಯದೆ. ಅವನು ಮುಚ್ಚಳ ತೆಗೆದ. ಡಬ್ಬಿ ಅರ್ಧಕ್ಕಿಂತ ಕೆಳಗಿಳಿದಿತ್ತು. ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಳಿಗ್ಗೆಯಿಂದ ಸತ್ತುಬಿದ್ದಿದ್ದ ನಾಲಿಗೆಯ ಬುಡದಲ್ಲಿ ಕಹಿ ಒಮ್ಮೆಗೇ ಒಸರಿತು. ನುಂಗಲಾಗದೆ ಬಾಯಿ ತುಂಬಿಕೊಂಡಿತು. ಉಗುಳಲು ಅಲ್ಲಿ ಬೋಗುಣಿ ಇರಲಿಲ್ಲ.

"ನಾನೇ ಡಾಕ್ಟ್ರೇ," ಎಂದ. "ನಾನೇ ತಂದಿದ್ದು, ನಾನೇ ಕಲಸಿ ಕುಡಿಸಿದ್ದು. ಇಲ್ಲಿ ಬಂದ ಮೇಲೂ ದಿನಾ ಸಂಜೆ. ನಿನ್ನೆ ಕೂಡ ಕುಡಿಸಿದೀನಿ."

ಡಾಕ್ಟರು ಡಬ್ಬಿಗೆ ಕೈ ಚಾಚಿದರು. ಅಷ್ಟರಲ್ಲಿ ಅಕ್ಕ ನಕ್ಕುಬಿಟ್ಟಳು, ಮಕ್ಕಳ ಪೆದ್ದುತನವನ್ನು ನೆರೆಯವರ ಮುಂದೆ ಮುಚ್ಚಿಹಾಕುವ ನಗು.

"ಅವನ ಮಾತು ಕಟ್ಕೋಬೇಡಿ ಡಾಕ್ಟ್ರೇ," ಎಂದಳು. "ಚಿಕ್ಕಂದಿನಿಂದ ಹೀಗೇ ಇವನು. ಯಾರ ತಪ್ಪಿದ್ರೂ ತನ್ನ ತಲೆ ಮೇಲೆ ಹಾಕ್ಕೊಂಡುಬಿಡ್ತಾನೆ."

ಡಾಕ್ಟರು ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ಅವನ ಮುಖ. ಯಾರನ್ನು ನಂಬಬೇಕೆಂದು ಅವರಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಅಕ್ಕ ಒಂದು ಕೈಯಲ್ಲಿ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಇನ್ನೊಂದರಲ್ಲಿ ಲೋಟ ಹಾಗೇ ಇತ್ತು.